ಆಕ್ಟಿನ್ ಎಳೆ ಕಟ್ಟಲು ಎಟಿಪಿ ಒಡೆಯಲೇಬೇಕೆ?

ಪ್ರಶ್ನೆ: ಆಕ್ಟಿನ್ ಪ್ರೋಟೀನಿನ ಬಿಡಿ ಅಣುಗಳು ಎಳೆಯಾಗಿ ಕೂಡಿಕೊಳ್ಳಲು ಬೇಕಾದ ಶಕ್ತಿ, ಜೀವಕೋಶದ ಇಂಧನವಾದ ಎಟಿಪಿ ಒಡೆಯುವುದರಿಂದಲೇ ಬರುತ್ತದಲ್ಲವೆ?

ಅಲ್ಲ. ಪರೀಕ್ಷೆ ಹತ್ತಿರವಾದಾಗಲೆಲ್ಲ ಬರುವ ಪ್ರಶ್ನೆ ಇದು. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ. ಈ ಸಲ ಬುಡದಿಂದಲೇ ನೋಡೋಣ.

ತಪ್ಪು ತಿಳಿವಳಿಕೆಗೆ ಒಂದು ಕಾರಣವಿದೆ. ಆಕ್ಟಿನ್ ಎಳೆಯಾಗುವಾಗ ಅದರೊಳಗಿನ ಎಟಿಪಿ ಒಂದು ಫಾಸ್ಫೇಟ್ ಕಳಚಿ ಎಡಿಪಿಯಾಗುತ್ತದೆಂದು ಸ್ಟ್ರಾಬ್ ಮತ್ತು ಫ್ಯೂಯರ್ 1950ರಲ್ಲೇ ತೋರಿಸಿದರು. ಎರಡೂ ಜೊತೆಯಲ್ಲಿ ನಡೆದದ್ದರಿಂದ ಒಂದು ಇನ್ನೊಂದನ್ನು ನಡೆಸುತ್ತದೆಂದು ಭಾವಿಸಿದ್ದು ಸಹಜ. ಆದರೆ ಎಡಿಪಿ-ಆಕ್ಟಿನ್ ಕೂಡ ಎಳೆ ಕಟ್ಟುತ್ತದೆ! ಹೆಕ್ಸೋಕೈನೇಸ್ ಕಿಣ್ವ ಮತ್ತು ಗ್ಲೂಕೋಸ್ ಹಾಕಿ ಎಟಿಪಿಯನ್ನೆಲ್ಲ ಎಡಿಪಿ ಮಾಡಿ, ಬಳಿಕ 50 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 1 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಸೇರಿಸಿ ನೋಡಿ. ಹಲವರು ಎಡವುವುದು ಸಾಂದ್ರತೆಯಲ್ಲಿ. ಎಟಿಪಿ-ಆಕ್ಟಿನ್‌ಗೆ ಬೇಗ ಬೆಳೆಯುವ ಬಾರ್ಬ್ಡ್ ತುದಿಯಲ್ಲಿ ಸುಮಾರು 0.1 ಮೈಕ್ರೋಮೋಲಾರ್ ಸಾಕು. ಎಡಿಪಿ-ಆಕ್ಟಿನ್‌ಗೆ ಸುಮಾರು 2 ಬೇಕು. 1 ಮೈಕ್ರೋಮೋಲಾರ್ ಹಾಕಿ, ಏನೂ ಆಗಲಿಲ್ಲವೆಂದು ತೀರ್ಮಾನಿಸಬೇಡಿ. 10 ಹಾಕಿ. ಎಡಿಪಿ-ಆಕ್ಟಿನ್ ಬೇಗ ಕೆಡುವುದರಿಂದ ಮಂಜುಗಡ್ಡೆಯ ಮೇಲಿಟ್ಟು ಅಂದೇ ಬಳಸಿ. ಎಟಿಪಿಯನ್ನು ಹೋಲುವ, ಆದರೆ ಒಡೆಯಲು ಬಾರದ ಎಎಂಪಿಪಿಎನ್‌ಪಿ ಹಿಡಿದ ಆಕ್ಟಿನ್ ಸಹ ಎಳೆಯಾಗುತ್ತದೆ. ಇದಕ್ಕಿಂತ ಸಾಕ್ಷಿ ಬೇಕೆ?

ಆದರೂ ಒಂದು ವಾದ ಉಳಿಯುತ್ತದೆ: ಎಳೆ ಕಟ್ಟುವುದನ್ನು ಹೊಳಪಿನಿಂದ ಅಳೆಯುವ ಪೈರೀನ್ ಗ್ರಾಫ್‌ನ ಆರಂಭದಲ್ಲಿ ಕಾಣುವ ಚಪ್ಪಟೆ ಭಾಗ ಎಟಿಪಿ ಒಡೆಯಲು ಹಿಡಿಯುವ ಸಮಯವಂತೆ. ಖಂಡಿತ ಅಲ್ಲ. ಎರಡು ಮೂರು ಅಣುಗಳ ಗುಂಪು ಕೂಡಿದಷ್ಟೇ ಬೇಗ ಬಿಡಿಯಾಗುತ್ತದೆ, ತಡವಾಗುವುದು ಅದಕ್ಕೆ. ತುಂಡರಿಸಿದ ಎಳೆಗಳನ್ನು ಸ್ವಲ್ಪ ಬೆರೆಸಿದರೆ ಆ ಚಪ್ಪಟೆ ಭಾಗವೇ ಮಾಯ. ಎಟಿಪಿ ಮಾತ್ರ ಅಷ್ಟೇ ಇರುತ್ತದೆ. ತಡ ಅತಿಯಾದರೆ ಕ್ಯಾಲ್ಸಿಯಂ ಉಳಿದಿದೆಯೇ ನೋಡಿ. ಉಪ್ಪು ಹಾಕುವ ಮೊದಲು 50 ಮೈಕ್ರೋಮೋಲಾರ್ ಮೆಗ್ನೀಸಿಯಂ, ಕ್ಯಾಲ್ಸಿಯಂ ಹಿಡಿದುಕೊಳ್ಳುವ 0.2 ಮಿಲಿಮೋಲಾರ್ ಇಜಿಟಿಎ ಜೊತೆ ಎರಡು ನಿಮಿಷ ಬಿಡಿ.

ರಚನೆ ಹೇಳುವುದೂ ಇದನ್ನೇ. ಬಿಡಿ ಆಕ್ಟಿನ್‌ನ ಸೀಳಿನಲ್ಲಿ ಕೂತ ಎಟಿಪಿ ಕೆಲವು ಗಂಟೆ ಕಳೆದರೂ ಬಹುಪಾಲು ಹಾಗೇ ಇರುತ್ತದೆ. ಎಳೆಗೆ ಸೇರಿದಾಗ ಅಣುವಿನ ಎರಡು ಭಾಗಗಳು ಸುಮಾರು 20 ಡಿಗ್ರಿ ತಿರುಗಿ ಅಣು ಚಪ್ಪಟೆಯಾಗುತ್ತದೆ, 137ನೆಯ ಗ್ಲುಟಮೀನ್ ಫಾಸ್ಫೇಟಿನ ಹತ್ತಿರ ಸರಿಯುತ್ತದೆ, ನೀರಿನ ಅಣು ದಾಳಿಗೆ ಅನುಕೂಲವಾದ ಜಾಗಕ್ಕೆ ಬರುತ್ತದೆ. 2022ರ ಕ್ರಯೋ-ಇಎಂ (ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರಗಳಲ್ಲಿ ಆ ನೀರನ್ನೂ ಕಾಣಬಹುದು. ಆಮೇಲೆ ಸುಮಾರು 2 ಸೆಕೆಂಡಿನಲ್ಲಿ ಅರ್ಧದಷ್ಟು ಎಟಿಪಿ ಒಡೆಯುತ್ತದೆ. ಕಳಚಿದ ಫಾಸ್ಫೇಟ್ ಹೊರಬರಲು ಮಾತ್ರ ನಿಮಿಷಗಳೇ ಬೇಕು, ಅರ್ಧಾಯು ಸುಮಾರು 6 ನಿಮಿಷ. ಹೀಗಾಗಿ ಎಟಿಪಿ ಒಡೆಯುವುದು ಪೊಟ್ಟಣದ ಮೇಲಿನ ತಾರೀಕಿನಂತೆ: ಫಾಸ್ಫೇಟ್ ಹೋದ ಹಳೆಯ ಭಾಗವನ್ನು ಕೊಫಿಲಿನ್ ಎಂಬ ಪ್ರೋಟೀನ್ ಹಿಡಿದು ಕತ್ತರಿಸುತ್ತದೆ. ಎರಡು ತುದಿಗಳ ಕ್ರಿಟಿಕಲ್ ಸಾಂದ್ರತೆ, ಅಂದರೆ ಎಳೆ ಬೆಳೆಯಲು ಬೇಕಾದ ಕನಿಷ್ಠ ಸಾಂದ್ರತೆ, ಬೇರೆಯಾಗುವುದೂ (ಇನ್ನೊಂದು, ಪಾಯಿಂಟೆಡ್ ತುದಿಯಲ್ಲಿ ಸುಮಾರು 0.6 ಮೈಕ್ರೋಮೋಲಾರ್), ವೆಗ್ನರ್ 1976ರಲ್ಲಿ ವಿವರಿಸಿದ ಟ್ರೆಡ್‌ಮಿಲ್ಲಿಂಗ್ (ಒಂದು ತುದಿ ಬೆಳೆಯುತ್ತ ಇನ್ನೊಂದು ಕಳಚುವುದು) ನಡೆಯುವುದೂ ಈ ಖರ್ಚಿನಿಂದಲೇ.

ಹಾಗಿದ್ದರೆ ಜೀವಕೋಶದ ಪೊರೆಯನ್ನು ಮುಂದೆ ತಳ್ಳುವ ಬಲ ಎಲ್ಲಿಯದು? ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಉಷ್ಣದಿಂದ ಪೊರೆಯೂ ಎಳೆಯ ತುದಿಯೂ ಅಲುಗಾಡುತ್ತವೆ, ನಡುವೆ 2.7 ನ್ಯಾನೋಮೀಟರ್ ಸಂದು ಸಿಕ್ಕರೆ ಇನ್ನೊಂದು ಆಕ್ಟಿನ್ ತೂರಿ ಕೂರುತ್ತದೆ, ಪೊರೆ ಹಿಂದೆ ಬರಲಾಗದು. ಗರಿಷ್ಠ ಬಲದ ಲೆಕ್ಕ: ಉಷ್ಣಶಕ್ತಿಯಾದ 4.1 ಪಿಕೋನ್ಯೂಟನ್-ನ್ಯಾನೋಮೀಟರನ್ನು 2.7ರಿಂದ ಭಾಗಿಸಿ, ಸಾಂದ್ರತೆ ಮತ್ತು ಕ್ರಿಟಿಕಲ್ ಸಾಂದ್ರತೆಯ ಅನುಪಾತದ ನ್ಯಾಚುರಲ್ ಲಾಗ್‌ನಿಂದ ಗುಣಿಸಿ. 10 ಮೈಕ್ರೋಮೋಲಾರ್ ಎಟಿಪಿ-ಆಕ್ಟಿನ್‌ಗೆ ಸುಮಾರು 7 ಪಿಕೋನ್ಯೂಟನ್. ಅಷ್ಟೇ ಎಡಿಪಿ-ಆಕ್ಟಿನ್‌ಗೆ ಸುಮಾರು 2.4: ಕಡಿಮೆ, ಆದರೆ ಸೊನ್ನೆಯಲ್ಲ.