ರಾಜ್ಯ ಹೂಂ ಅಂದರೂ ಫೆಡರಲ್ ಉಹೂಂ

"ಸಾರ್, ಟೆಕ್ಸಾಸ್‌ನಲ್ಲಿ ಗನ್ ಇಟ್ಕೊಳ್ಳೋಕೆ ಲೈಸೆನ್ಸೇ ಬೇಡವಂತೆ, ಹೌದಾ?" ಅಮೆರಿಕದಲ್ಲಿ ವಕೀಲಿಕೆ ಮಾಡುವ ನನಗೆ ನಮ್ಮ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅರ್ಧ ಸರಿ. 2021 ರಿಂದ ಅಲ್ಲಿ ಪರ್ಮಿಟ್ ಇಲ್ಲದೆ ಹ್ಯಾಂಡ್‌ಗನ್ ಒಯ್ಯಬಹುದು. ಆದರೆ ಬಂದೂಕು ಇಟ್ಟುಕೊಳ್ಳಲು ಬೇರೆ ಅಡ್ಡಿ ಇಲ್ಲದವರು ಮಾತ್ರ. ಆ ಅಡ್ಡಿಗಳ ದೊಡ್ಡ ಪಟ್ಟಿ ವಾಷಿಂಗ್ಟನ್‌ನಲ್ಲಿದೆ, ಅಂದರೆ ಫೆಡರಲ್ (ಕೇಂದ್ರ) ಕಾನೂನಿನಲ್ಲಿ. ಎಚ್-1ಬಿ ವೀಸಾದವರೂ ಅದರಲ್ಲಿದ್ದಾರೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತೀವಲ್ಲ, ಇಲ್ಲಿ ಅದರ ಉಲ್ಟಾ. ಪೂಜಾರಿ ಕೊಡುತ್ತಾನೆ, ದೇವರು ಕೊಡಲ್ಲ.

ಕ್ಯಾನ್ಸಸ್‌ನಲ್ಲಿ ನಡೆದದ್ದು ಕೇಳಿ. 2013 ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. ಕ್ಯಾನ್ಸಸ್‌ನಲ್ಲೇ ತಯಾರಾಗಿ ಅಲ್ಲೇ ಉಳಿಯುವ ಬಂದೂಕು, ಅದರ ಬಿಡಿಭಾಗಗಳಿಗೆ ಫೆಡರಲ್ ಕಾನೂನು ತಾಗುವುದಿಲ್ಲ ಎಂದು. ಚನೂಟ್ ಎಂಬ ಸಣ್ಣ ಊರಿನ ಅಂಗಡಿಯವನೊಬ್ಬ ಇದನ್ನು ನಂಬಿ ಗನ್ನಿನ ಸದ್ದು ತಗ್ಗಿಸುವ ಸೈಲೆನ್ಸರ್ ಮಾಡಿ ಮಾರಿದ. 1934 ರ ಫೆಡರಲ್ ಕಾನೂನಿನ ಪ್ರಕಾರ ಸೈಲೆನ್ಸರ್ ನೋಂದಣಿ ಆಗಲೇಬೇಕು, ಆಗ 200 ಡಾಲರ್ ತೆರಿಗೆಯೂ ಇತ್ತು. ಇವನು ಎರಡನ್ನೂ ಮಾಡಲಿಲ್ಲ. ಕೊಂಡ ಗಿರಾಕಿಯೋ ಅದರ ವಿಡಿಯೋ ಮಾಡಿ ಫೇಸ್‌ಬುಕ್‌ಗೆ ಹಾಕಿದ! ಮುಚ್ಚಿಡುವಂಥದ್ದು ಏನಿದೆ ಅಂತ ಅವನ ಲೆಕ್ಕ. ಇಬ್ಬರ ಮೇಲೂ ಫೆಡರಲ್ ಕೇಸು ಬಿತ್ತು.

"ನಮ್ಮ ರಾಜ್ಯದ ಕಾನೂನನ್ನು ನಂಬಿದ್ದೆವು" ಎಂದು ಅವರು ವಾದಿಸಿದರು. ಕ್ಯಾನ್ಸಸ್ ಸರ್ಕಾರವೂ ಮೇಲ್ಮನವಿಯಲ್ಲಿ ತನ್ನ ಕಾನೂನಿನ ಪರ ನಿಂತಿತು. ಪ್ರಯೋಜನ ಆಗಲಿಲ್ಲ. ಫೆಡರಲ್ ಕಾನೂನಿಗೆ ಅರ್ಥ ಹೇಳುವ ಅಧಿಕಾರ ರಾಜ್ಯಕ್ಕಿಲ್ಲ, ಹಾಗಾಗಿ ಅದರ ಮಾತು ನಂಬಿದ್ದು ರಕ್ಷಣೆ ಆಗದು ಎಂದು 2018 ರಲ್ಲಿ ಹತ್ತನೇ ಸರ್ಕ್ಯೂಟ್ ಕೋರ್ಟ್ (ಸುಪ್ರೀಂ ಕೋರ್ಟಿನ ಕೆಳಗಿನ ಫೆಡರಲ್ ಮೇಲ್ಮನವಿ ಕೋರ್ಟ್) ಹೇಳಿತು. ಜೈಲು ತಪ್ಪಿ ಪ್ರೊಬೇಷನ್ (ನಿಗಾದಲ್ಲಿ ಹೊರಗಿರುವ ಶಿಕ್ಷೆ) ಆಯಿತು, ನಿಜ. ಆದರೆ ಅಪರಾಧಿ ಎಂಬ ಹಣೆಪಟ್ಟಿ ಅಂಟಿತು. ಕಾನೂನು ಬರೆದ ಶಾಸಕರಿಗೆ ಏನೂ ಆಗಲಿಲ್ಲ. ನನಗೆ ಇದು ಈಗಲೂ ಅನ್ಯಾಯ ಅನ್ನಿಸುತ್ತದೆ.

ಈ ಗೊಂದಲದ ಬೇರು 1997 ರ ಪ್ರಿಂಟ್ಜ್ ತೀರ್ಪಿನಲ್ಲಿದೆ. ಫೆಡರಲ್ ಕಾನೂನು ಜಾರಿ ಮಾಡಿ ಎಂದು ಊರಿನ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ಗೆ ವಾಷಿಂಗ್ಟನ್ ಹುಕುಂ ಮಾಡುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಅಂದರೆ ರಾಜ್ಯ "ನಾವು ಕೈಜೋಡಿಸಲ್ಲ" ಅನ್ನಬಹುದು. "ಆ ಕಾನೂನು ಇಲ್ಲಿ ಇಲ್ಲವೇ ಇಲ್ಲ" ಅನ್ನುವ ಹಾಗಿಲ್ಲ. ಮಿಸ್ಸೂರಿ ರಾಜ್ಯ 2021 ರ ತನ್ನ ಗನ್ ಕಾನೂನಿನಲ್ಲಿ ಈ ಎರಡನ್ನೂ ಕಲಸಿಬಿಟ್ಟಿತು. ಫೆಡರಲ್ ಗನ್ ಕಾನೂನಿನ ಜಾರಿಗೆ ಸಹಕರಿಸಿದ ಪೊಲೀಸ್ ಇಲಾಖೆಗೆ 50,000 ಡಾಲರ್ ದಂಡ ಬೇರೆ! 2024 ರಲ್ಲಿ ಎಂಟನೇ ಸರ್ಕ್ಯೂಟ್ ಅದನ್ನು ಅಸಿಂಧು ಎಂದಿತು.

ಗಾಂಜಾದ ವಿಷಯವೂ ಹೀಗೆ. ಕೊಲರಾಡೋದಲ್ಲಿ 2014 ರಿಂದ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಗನ್ ಕೊಳ್ಳುವಾಗ ತುಂಬುವ 4473 ಎಂಬ ಫೆಡರಲ್ ಫಾರ್ಮ್‌ನಲ್ಲಿ ಅದರ ಬಗ್ಗೆ ಪ್ರಶ್ನೆ ಇದೆ. ನಿಮ್ಮ ರಾಜ್ಯ ಒಪ್ಪಿದ್ದರೂ ಫೆಡರಲ್ ಪ್ರಕಾರ ತಪ್ಪೇ ಎಂಬ ಎಚ್ಚರಿಕೆ 2017 ರಲ್ಲಿ ಪಕ್ಕದಲ್ಲೇ ಸೇರಿತು. ಸೇದುವವನು ಹೌದು ಎಂದರೆ ಅಂಗಡಿಯವ ಗನ್ ಮಾರುವಂತಿಲ್ಲ, ಇಲ್ಲ ಎಂದರೆ ಸುಳ್ಳು ಹೇಳಿದ ಅಪರಾಧ. 2023 ರಲ್ಲಿ ಐದನೇ ಸರ್ಕ್ಯೂಟ್ ಗಾಂಜಾ ಸೇದುವವನೊಬ್ಬನ ಶಿಕ್ಷೆ ರದ್ದು ಮಾಡಿದ್ದುಂಟು. ಅದನ್ನೇ ನಂಬಿ ಫಾರ್ಮ್ ತುಂಬಿ ಅಂತ ನಾನಂತೂ ಹೇಳಲ್ಲ.

ಎಚ್-1ಬಿಯವರಿಗೆ ಫೆಡರಲ್ ಕಾನೂನೇ ಒಂದು ಕಿಂಡಿ ಬಿಟ್ಟಿದೆ. ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇದ್ದರೆ ಆ ನಿಷೇಧ ತಾಗುವುದಿಲ್ಲ. ವಿಚಿತ್ರ ಅಲ್ವಾ? ಆದರೆ ಅದರ ಅವಧಿ ಮುಗಿದಿರಬಾರದು. ಟೆಕ್ಸಾಸ್‌ನ ಬೇಟೆ ಲೈಸೆನ್ಸ್ ಆಗಸ್ಟ್ 31 ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1 ರಂದು ಬೀರುವಿನಲ್ಲಿ ಸುಮ್ನೆ ಮಲಗಿರುವ ಅದೇ ಗನ್‌ಗೆ 15 ವರ್ಷದ ತನಕ ಜೈಲು ಆಗಬಹುದು. ಗ್ರೀನ್ ಕಾರ್ಡ್ ಆಸೆಯೂ ಅದರ ಜೊತೆಗೇ ಹೋದೀತು. ಹಾಗಾಗಿ ವೀಸಾದವರು ಗನ್ ವಿಷಯ ಎತ್ತಿದರೆ ನಾನು ಮೊದಲು ಕೇಳುವುದು ಆ ತಾರೀಖನ್ನೇ. ಜಾಸ್ತಿ ಜನ ಆಗಲೇ ಪರ್ಸ್ ತಡಕುವುದು.