ಕೀರ್ತನೆಯಲ್ಲಿ ಒಂದೇ ಮಾತು ಎರಡು ಸಲ ಯಾಕೆ?

ಪ್ರಶ್ನೆ: ಬೈಬಲಿನ ಕೀರ್ತನೆಗಳಲ್ಲಿ ಒಂದು ಸಾಲು ಹೇಳಿದ್ದನ್ನೇ ಮುಂದಿನ ಸಾಲು ಮತ್ತೆ ಹೇಳುತ್ತದೆ. ಸಭೆಯಲ್ಲಿ ಪ್ರಸಂಗ (ಉಪದೇಶ) ಮಾಡುವಾಗ ಎರಡನ್ನೂ ಬೇರೆ ಬೇರೆ ಪಾಯಿಂಟ್ ಮಾಡಿ ವಿವರಿಸಬೇಕಾ?

ಬೇಡ. ಆ ತಪ್ಪು ನಾನೇ ಮಾಡಿದ್ದೇನೆ. "ನಿನ್ನ ವಾಕ್ಯವು ನನ್ನ ಕಾಲಿಗೆ ದೀಪವೂ ನನ್ನ ದಾರಿಗೆ ಬೆಳಕೂ ಆಗಿದೆ" (ಕೀರ್ತನೆ 119:105) ಅನ್ನುವ ವಚನ ಹಿಡಿದುಕೊಂಡು, ದೀಪ ಅಂದರೇನು, ಬೆಳಕು ಅಂದರೇನು, ಎರಡಕ್ಕೂ ಏನು ವ್ಯತ್ಯಾಸ ಅಂತ ಮುಕ್ಕಾಲು ಗಂಟೆ ಮಾತಾಡಿದ್ದೆ. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಹತ್ತಿರ ಬಂದು, "ದೀಪ ಹಚ್ಚಿದ್ರೆ ಬೆಳಕು ಬರುತ್ತೆ, ಅದರಲ್ಲೇನಪ್ಪ ಅಷ್ಟು ವ್ಯತ್ಯಾಸ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೀರ್ತನೆಗಳ ಮೂಲ ಭಾಷೆ ಹೀಬ್ರೂ. ಹೀಬ್ರೂ ಕಾವ್ಯ ನಡೆಯುವುದೇ ಜೋಡಿ ಸಾಲಿನಲ್ಲಿ. ನಮ್ಮ ಹಾಡಿಗೆ ಪ್ರಾಸ ಹೇಗೋ ಅದಕ್ಕೆ ಇದು ಹಾಗೆ. ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಲೌತ್, 1753ರಲ್ಲಿ ಲ್ಯಾಟಿನ್‌ನಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಈ ಜೋಡಿಗಳನ್ನು ಮೂರು ಬಗೆ ಮಾಡಿದರು: ಅದೇ ಮಾತು, ಎದುರು ಮಾತು, ಮುಂದುವರಿಸುವ ಮಾತು. ಒಳ್ಳೆಯ ಕೆಲಸವೇ. ಆದರೆ ಆಮೇಲೆ ಎಷ್ಟೋ ಜನ ಪ್ರತಿ ವಚನಕ್ಕೂ ಒಂದು ಹಣೆಪಟ್ಟಿ ಹಚ್ಚಿ ಕೈತೊಳೆದುಕೊಂಡರು. 1981ರಲ್ಲಿ ಬೈಬಲ್ ವಿದ್ವಾಂಸ ಜೇಮ್ಸ್ ಕೂಗೆಲ್ ಅದನ್ನೇ ಪ್ರಶ್ನಿಸಿದರು. ಎರಡನೇ ಸಾಲು "ಅಷ್ಟೇ ಅಲ್ಲ, ಇನ್ನೂ ಕೇಳು" ಅಂತ ಮೊದಲನೆಯದನ್ನು ಮುಂದಕ್ಕೆ ಒಯ್ಯುತ್ತದೆ ಅನ್ನುವುದು ಅವರ ವಾದದ ತಿರುಳು. ನನಗೆ ಇದೇ ಜಾಸ್ತಿ ಸರಿ ಅನಿಸುತ್ತದೆ.

ಕನ್ನಡದ ಕಿವಿಗೆ ಇದು ಹೊಸದೇನಲ್ಲ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಇದನ್ನು ಕೇಳಿ ಯಾರೂ ಪಥ್ಯದ ಮೇಲೆ ಒಂದು, ಜಗಳದ ಮೇಲೆ ಒಂದು ಭಾಷಣ ಮಾಡುವುದಿಲ್ಲ, ಅಲ್ವಾ? ಬಾಯೊಳಗೆ ಹೋಗುವುದರಿಂದ ಶುರುಮಾಡಿ ಬಾಯಿಂದ ಹೊರಗೆ ಬರುವುದಕ್ಕೆ ಗಾದೆ ನಮ್ಮನ್ನು ಕರೆದುಕೊಂಡು ಹೋಗುತ್ತದೆ.

ಈಗ ಅಜ್ಜಿಯ ಪ್ರಶ್ನೆ. ಆ ವಚನದ ಮೊದಲ ಪದ ಹೀಬ್ರೂನಲ್ಲಿ "ನೇರ್", ದೀಪ. ಆ ಕಾಲದ ದೀಪ ಅಂದರೆ ಅಂಚನ್ನು ಹಿಸುಕಿ ಬತ್ತಿಗೆ ಜಾಗ ಮಾಡಿದ ಮಣ್ಣಿನ ಚಿಕ್ಕ ತಟ್ಟೆ, ಒಳಗೆ ಆಲಿವ್ ಎಣ್ಣೆ. ನಮ್ಮ ಹಣತೆಯ ನೆಂಟ. ಅದನ್ನು ಹಿಡಿದು ರಾತ್ರಿ ಹೊರಟರೆ ಕಾಣುವುದು ಮುಂದಿನ ಒಂದೆರಡು ಹೆಜ್ಜೆ. ಕಾಲಿಗೆ ದೀಪ. ಎರಡನೇ ಸಾಲಿನಲ್ಲಿ ಕಾಲು ಹೋಗಿ ದಾರಿ ಬರುತ್ತದೆ. ನಾನು ದೀಪ ಮತ್ತು ಬೆಳಕಿನ ನಡುವೆ ಹುಡುಕುತ್ತಿದ್ದೆ, ಸಾಲು ಕದಲುತ್ತಿದ್ದದ್ದು ಕಾಲಿನಿಂದ ದಾರಿಗೆ, ಈ ಹೊತ್ತಿನ ಒಂದು ಹೆಜ್ಜೆಯಿಂದ ಇಡೀ ಬದುಕಿಗೆ. ಒಂದು ಪ್ರಸಂಗಕ್ಕೆ ಇಷ್ಟು ಧಾರಾಳ ಸಾಕು.

ಇದಕ್ಕೆ ಹೀಬ್ರೂ ಬರಲೇಬೇಕಾ? ಜೋಡಿ ಗುರುತಿಸಲು ಬೇಕಿಲ್ಲ. ಅದು ಅರ್ಥದ ಜೋಡಿಯಾದ್ದರಿಂದ ಅನುವಾದದಲ್ಲೂ ಉಳಿಯುತ್ತದೆ. ಕಳೆದುಹೋಗುವುದೂ ಇದೆ. 119ನೇ ಕೀರ್ತನೆಯಲ್ಲಿ ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಎಂಟೆಂಟರಂತೆ 176 ವಚನ. "ನೇರ್" ಇರುವ ಗುಂಪಿನ ಎಂಟೂ ವಚನ "ನೂನ್" ಅಕ್ಷರದಿಂದಲೇ ಶುರು. ಕನ್ನಡದಲ್ಲಿ ಓದುವಾಗ ಅದು ಕೇಳಿಸುವುದಿಲ್ಲ.

ಜೋಡಿ ಕೇಳಿ ಅಭ್ಯಾಸವಾದರೆ, ಒಂಟಿ ಮಾತು ಬಂದಾಗ ತಟ್ಟನೆ ಗೊತ್ತಾಗುತ್ತದೆ. 23ನೇ ಕೀರ್ತನೆ ನೋಡಿ. ಮೊದಲ ಮೂರು ವಚನ ದೇವರನ್ನು "ಆತನು" ಅನ್ನುತ್ತವೆ. ಕಾರ್ಗತ್ತಲಿನ ಕಣಿವೆಗೆ ಇಳಿದ ಮೇಲೆ "ನೀನು" ಬರುತ್ತದೆ: "ಕೀ ಅತ್ತಾ ಇಮ್ಮಾದಿ", ನೀನು ನನ್ನ ಜೊತೆ ಇದ್ದೀಯಲ್ಲ. ತಲೆಬರಹ ಬಿಟ್ಟು ಎಣಿಸಿದರೆ ಈ ಮೂರು ಪದಗಳ ಹಿಂದೆ 26 ಪದ, ಮುಂದೆ 26 ಪದ. ಕವಿ ಎಣಿಸಿಯೇ ಬರೆದನೋ ಹಾಗೇ ಬಂತೋ, ಆ ಲೆಕ್ಕದ ಮೇಲೆ ಪ್ರಸಂಗ ಕಟ್ಟಬೇಡಿ. ಆದರೆ ಪದಗಳ ಸರದಿ ಗಮನಿಸಿ. ನಮ್ಮ ಹಳೆಯ ಅನುವಾದದಲ್ಲಿ "ನೀನು ಹತ್ತಿರವಿರುವದರಿಂದ" ಮುಂಚೆ ಬಂದು "ಹೆದರೆನು" ಕೊನೆಗೆ ಕೂತಿದೆ, ಕನ್ನಡ ವಾಕ್ಯದ ಜಾಯಮಾನವೇ ಅದು. ಹೀಬ್ರೂನಲ್ಲಿ ಮೊದಲು ಹೆದರುವುದಿಲ್ಲ ಅನ್ನುತ್ತಾನೆ, ಕಾರಣ ಆಮೇಲೆ. ಹಾಗಾಗಿ ಸಭೆಯಲ್ಲಿ ಓದುವಾಗ ನಾನು ಈಗ "ಕೇಡಿಗೆ ಹೆದರೆನು" ತನಕ ಓದಿ, ಒಂದು ಉಸಿರು ತಡೆದು, "ನೀನು ನನ್ನ ಜೊತೆ ಇದ್ದೀ" ಅಂತ ಬೇರೆಯಾಗಿ ಓದುತ್ತೇನೆ.