ಕಾವು ಕೊಳೆತರೂ ಸೊಂಟ ಉಳಿದಿದೆ

ಉತ್ತರ ಅಮೆರಿಕದ ಹೊಲಗಳಲ್ಲಿ ಉಳುವಾಗ ಕೆಲವೊಮ್ಮೆ ಇಂಥದ್ದೊಂದು ಕಲ್ಲು ಮೇಲೆ ಬರುತ್ತದೆ. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಭಾರ ಜಾಸ್ತಿ, ನಡುವೆ ಸೊಂಟದ ಹಾಗೆ ಒಂದು ತೋಡು. ನೋಡಿದವರು ಕಲ್ಲಿನ ಕೊಡಲಿ ಸಿಕ್ಕಿತು ಅಂದುಕೊಳ್ಳುತ್ತಾರೆ. ಇರಬಹುದು. ಅಲ್ಲಿ ಇಂಥ ಕೊಡಲಿಗಳು 5,000 ವರ್ಷಗಳ ಹಿಂದೆಯೇ ಬಳಕೆಯಲ್ಲಿದ್ದವು. ಆದರೆ ತೋಡು ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಪದರಗಲ್ಲಿನಲ್ಲಿ ಮೆತ್ತಗಿನ ಪದರ ಬೇಗ ಸವೆದರೂ ಇಂಥದ್ದೇ ಸೊಂಟ ಮೂಡುತ್ತದೆ.

ಹಾಗಾದರೆ ಏನು ನೋಡಬೇಕು? ಕಲ್ಲನ್ನು ಓರೆ ಬೆಳಕಿಗೆ ಹಿಡಿಯಿರಿ, ಮೊಬೈಲ್ ಟಾರ್ಚ್ ಸಾಕು. ಕೈಯಿಂದ ಮಾಡಿದ ತೋಡಿನಲ್ಲಿ ಗುಂಡುಸೂಜಿ ತಲೆಯಷ್ಟು ಸಣ್ಣ ಸಣ್ಣ ಗುಳಿಗಳು ಒತ್ತೊತ್ತಾಗಿ ಕಾಣಬಹುದು. ಕಬ್ಬಿಣದ ಉಳಿ ಇಲ್ಲದ ಕಾಲ ಅದು. ಇನ್ನೊಂದು ಗಟ್ಟಿ ಕಲ್ಲಿನಿಂದ ಕುಟ್ಟಿ ಕುಟ್ಟಿ, ಪುಡಿ ಉದುರಿಸಿ ತೋಡು ಮಾಡುತ್ತಿದ್ದರು. ಆಮೇಲೆ ಮರಳು, ನೀರು ಹಾಕಿ ಉಜ್ಜುವುದು. ಕೊಡಲಿಯ ಬಾಯಿ ಕಡೆ ಬೆರಳಾಡಿಸಿದರೆ ಆ ನಯ ಗೊತ್ತಾಗುತ್ತದೆ. ಚೆನ್ನಾಗಿ ಉಜ್ಜಿದ್ದರೆ ಗುಳಿಗಳು ಅಳಿಸಿಹೋಗಿರುತ್ತವೆ, ಅದೊಂದು ತಲೆನೋವು. ಆಗ ಕಲ್ಲಿನ ಬಣ್ಣದ ಪಟ್ಟೆ ನೋಡಿ. ತೋಡು ಆ ಪಟ್ಟೆಯ ಜೊತೆಗೇ ಓಡುತ್ತಿದ್ದರೆ ಅನುಮಾನ ಪಡಿ. ಪಟ್ಟೆಯನ್ನು ಅಡ್ಡ ಕತ್ತರಿಸಿಕೊಂಡು ಹೋಗಿದ್ದರೆ ಮನುಷ್ಯರ ಕೆಲಸ ಇರುವ ಸಾಧ್ಯತೆ ಹೆಚ್ಚು.

ನನಗೆ ತುಂಬಾ ಇಷ್ಟವಾಗುವುದು ಮುಕ್ಕಾಲು ತೋಡಿನ ಕೊಡಲಿ. ಮೂರು ಕಡೆ ತೋಡು, ನಾಲ್ಕನೇ ಕಡೆ ಚಪ್ಪಟೆ. ಕೆಲಸ ಅರ್ಧಕ್ಕೆ ಬಿಟ್ಟದ್ದಲ್ಲ. ಬಾಗಿಸಿದ ಮರದ ಕಾವನ್ನು ತೋಡಿಗೆ ಸುತ್ತಿ, ತೊಗಲಿನ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದರು. ಕಡಿಯುತ್ತಾ ಕಡಿಯುತ್ತಾ ಅದು ಸಡಿಲವಾಗುತ್ತದಲ್ವಾ? ಆಗ ಚಪ್ಪಟೆ ಬದಿಗೂ ಕಾವಿಗೂ ನಡುವೆ ಒಂದು ಬೆಣೆ ಹೊಡೆದರೆ ಸಾಕು, ಮತ್ತೆ ಬಿಗಿ.

ತೋಡು ಇದೆ, ಆದರೆ ಎರಡೂ ತುದಿ ಮೊಂಡು ಅಂದರೆ ಅದು ಸುತ್ತಿಗೆ ಆಗಿರಬಹುದು. ಅಲ್ಲಿನ ಬಯಲುಸೀಮೆಯ ಜನ ಇಂಥದ್ದರಲ್ಲಿ ಒಣಮಾಂಸ, ಮೂಳೆ ಜಜ್ಜುತ್ತಿದ್ದರು. ಸಣ್ಣ ಕಲ್ಲಾದರೆ ಮೀನುಬಲೆಗೆ ಕಟ್ಟಿದ ಭಾರ ಇದ್ದೀತು. ಮರಳುಗಲ್ಲಿನ ಒಂದೇ ಮುಖದಲ್ಲಿ ನೇರ ತೋಡು ಇದ್ದರೆ ಬಾಣದ ಕಡ್ಡಿ ಉಜ್ಜಿದ ಕಲ್ಲು ಇರಬಹುದು. ತುಕ್ಕಿನ ಬಣ್ಣದ ನೇರ ಗೀರು ಮಾತ್ರ ಇದ್ದರೆ? ಅದು ನೇಗಿಲು ತಾಗಿದ ಗಾಯ.

ಸಿಕ್ಕಿದ ಕೂಡಲೇ ತಂತಿ ಬ್ರಶ್‌ನಲ್ಲಿ ತಿಕ್ಕಬೇಡಿ, ಗುರುತುಗಳೇ ಅಳಿಸಿಹೋಗುತ್ತವೆ. ಮೊದಲು ಇದ್ದ ಜಾಗದಲ್ಲೇ ಫೋಟೊ ತೆಗೆಯಿರಿ. ಅಮೆರಿಕದ ಫೆಡರಲ್ ಸರ್ಕಾರದ ಜಮೀನಿನಲ್ಲಿ ಸಿಕ್ಕಿದ್ದಾದರೆ ಫೋಟೊಗೇ ನಿಲ್ಲಿಸಿ, ಅಲ್ಲಿನ ಅಧಿಕಾರಿಗಳಿಗೆ ತಿಳಿಸಿ. ಅನುಮತಿ ಇಲ್ಲದೆ ಇಂಥ ವಸ್ತುಗಳನ್ನು ಅಗೆದು ಒಯ್ಯುವುದನ್ನು 1979ರ ಕಾನೂನು ಅಪರಾಧವೆನ್ನುತ್ತದೆ.